ಹಳೆ ಕಂಪ್ಯೂಟರ್ ಎಷ್ಟು ಭಾರ ಹೊರಬಲ್ಲದು?

 

"ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂದು ನಮ್ಮ ಹಿರಿಯರು ಹೇಳುತ್ತಾರೆ. ಈ ಗಾದೆ ದುಡ್ಡಿನ ವಿಷಯಕ್ಕೆ ಮಾತ್ರ ಅಂತ ನಾವು ತಿಳಿದಿದ್ದೇವೆ. ಆದರೆ ಕಂಪ್ಯೂಟರಿಗೂ ಇದು ಅಷ್ಟೇ ಚೆನ್ನಾಗಿ ಹೊಂದುತ್ತದೆ. ಹೇಗೆ ಎಂಬುದನ್ನು ಈ ಲೇಖನದಲ್ಲಿ ನನಗೆ ತಿಳಿದಷ್ಟು ಬರೆದಿದ್ದೇನೆ.

ನಮ್ಮ ಹುಲಿಗಿಯಲ್ಲಿ ನಾನು ನೋಡಿದ ಮನೆಗಳ ಕಂಪ್ಯೂಟರುಗಳು ಹೆಚ್ಚಾಗಿ ಹೊಸವಲ್ಲ. ದೊಡ್ಡ ಊರಿನ ಕಚೇರಿಗಳು ಐದಾರು ವರ್ಷ ಉಪಯೋಗಿಸಿ ಮಾರಿದ ಪೆಟ್ಟಿಗೆಗಳನ್ನು ನಮ್ಮವರು ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ತರುತ್ತಾರೆ. ತಂದು ವರ್ಷ ಎರಡು ವರ್ಷ ಆದ ಮೇಲೆ ಅದು ನಿಧಾನ ಆಗತೈತಿ. ಆವಾಗ ಮನೆಯಲ್ಲಿ ಎರಡು ಮಾತು ಬರುತ್ತವೆ. ಒಂದು, "ಗುಜರಿಗೆ ಹಾಕ್ರಿ." ಇನ್ನೊಂದು, "ಒಳಗ ಏನಾರ ಹೊಸಾದು ಹಾಕಿಸ್ರಿ." ಈ ಎರಡನೇ ಮಾತು ಒಳ್ಳೆಯದು. ಆದರೆ ಹಾಕಿಸುವ ಮೊದಲು ಒಂದು ಲೆಕ್ಕ ಮಾಡಬೇಕು. ಅದು ಕರೆಂಟಿನ ಲೆಕ್ಕ.

ಕಂಪ್ಯೂಟರಿನ ಹೊಟ್ಟೆಯೊಳಗಿನ ಅಣೆಕಟ್ಟೆ

ಗೋಡೆಯ ಪ್ಲಗ್ಗಿನಲ್ಲಿ ಬರುವುದು 230 ವೋಲ್ಟ್ ಪರ್ಯಾಯ ವಿದ್ಯುತ್. ಕಂಪ್ಯೂಟರಿನ ಒಳಗಿನ ಭಾಗಗಳಿಗೆ ಬೇಕಾದದ್ದು ಬಹಳ ಕಡಿಮೆ ವೋಲ್ಟಿನ ನೇರ ವಿದ್ಯುತ್. ಈ ಬದಲಾವಣೆ ಮಾಡುವ ತಗಡಿನ ಡಬ್ಬಿಗೆ ಪವರ್ ಸಪ್ಲೈ ಎನ್ನುತ್ತಾರೆ. ಅಂಗಡಿಯವರು ಎಸ್.ಎಂ.ಪಿ.ಎಸ್. ಅಂತಾರ. ಕಂಪ್ಯೂಟರಿನ ಹಿಂದೆ ದಪ್ಪ ಕರಿ ವೈರು ಚುಚ್ಚುವ ಜಾಗ ಇದರದೇ.

ಇದು 12 ವೋಲ್ಟ್, 5 ವೋಲ್ಟ್, 3.3 ವೋಲ್ಟ್ ಎಂದು ಮೂರು ಮುಖ್ಯ ಸಾಲುಗಳಲ್ಲಿ ವಿದ್ಯುತ್ ಕೊಡುತ್ತದೆ. ಸಾಮಾನ್ಯವಾಗಿ ಹಳದಿ ವೈರು 12 ವೋಲ್ಟ್, ಕೆಂಪು 5 ವೋಲ್ಟ್, ಕಿತ್ತಳೆ 3.3 ವೋಲ್ಟ್.

ಇದನ್ನು ತಿಳಿಯಲು ನಮ್ಮ ಪಕ್ಕದ ಮುನಿರಾಬಾದಿನ ತುಂಗಭದ್ರಾ ಅಣೆಕಟ್ಟೆ ನೆನಪು ಮಾಡ್ಕೊಳ್ರಿ. ಜಲಾಶಯ ಒಂದೇ. ಆದರೆ ನೀರು ಹೋಗುವುದು ಬೇರೆ ಬೇರೆ ಕಾಲುವೆಗಳಿಗೆ. ಎಡದಂಡೆ ಕಾಲುವೆ ನಮ್ಮ ಕೊಪ್ಪಳ, ರಾಯಚೂರು ಕಡೆ, ಬಲದಂಡೆಯವು ಬಳ್ಳಾರಿ, ಆಂಧ್ರದ ಕಡೆ. ಜಲಾಶಯದಾಗ ನೀರು ತುಂಬಿ ತುಳುಕುತ್ತಿದ್ದರೂ ಒಂದು ಕಾಲುವೆಯೊಳಗ ಅದರ ಅಳತೆಗಿಂತ ಹೆಚ್ಚು ನೀರು ಹರಿಸಾಕ ಬರಂಗಿಲ್ಲ. ಹರಿಸಿದರೆ ದಂಡೆ ಒಡೀತೈತಿ. ಪವರ್ ಸಪ್ಲೈಯೂ ಹಾಗೆಯೇ. ಅದರ ಮೇಲೆ ಬರೆದ ಒಟ್ಟು ವ್ಯಾಟ್ ಎಂಬುದು ಜಲಾಶಯದ ನೀರು. 12, 5, 3.3 ಎಂಬವು ಕಾಲುವೆಗಳು. ಜಲಾಶಯದ ಅಳತೆ ಒಂದೇ ನೋಡಿದರೆ ಸಾಲದು, ಕಾಲುವೆಯ ಅಳತೆಯನ್ನೂ ನೋಡಬೇಕು.

ಈಗಿನ ಕಂಪ್ಯೂಟರುಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು 12 ವೋಲ್ಟಿನ ಕಾಲುವೆ. ಹಿಂದೆ ಪ್ರೊಸೆಸರಿಗೆ 5 ವೋಲ್ಟಿನಿಂದ ವಿದ್ಯುತ್ ಹೋಗುತ್ತಿತ್ತು. 2000ದಲ್ಲಿ ಪೆಂಟಿಯಂ 4 ಬಂದಾಗ ಪ್ರೊಸೆಸರಿಗೆಂದೇ 12 ವೋಲ್ಟಿನ ನಾಲ್ಕು ಪಿನ್ನಿನ ಬೇರೆ ಪ್ಲಗ್ ಬಂತು. ಈಗ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್, ತಿರುಗುವ ಮೋಟಾರುಗಳು, ಫ್ಯಾನುಗಳು ಎಲ್ಲವೂ ಈ 12 ವೋಲ್ಟಿನ ಮೇಲೆಯೇ ನಿಂತಿವೆ.

ಚೀಟಿ ಓದುವ ವಿಧಾನ

ಪವರ್ ಸಪ್ಲೈ ಡಬ್ಬಿಯ ಮೇಲೆ ಒಂದು ಚೀಟಿ ಅಂಟಿಸಿರುತ್ತಾರೆ. ಅದರಲ್ಲಿ ಪ್ರತಿಯೊಂದು ವೋಲ್ಟಿನ ಎದುರಿಗೆ ಎಷ್ಟು ಆಂಪಿಯರ್ ಎಂದು ಬರೆದಿರುತ್ತದೆ. ನಮ್ಮ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದ ವಿದ್ಯುತ್ ಪಾಠದಲ್ಲಿ ಓದಿದ ಸೂತ್ರವೇ ಇಲ್ಲಿ ಸಾಕು.

ವೋಲ್ಟ್ × ಆಂಪಿಯರ್ = ವ್ಯಾಟ್

ನಮ್ಮ ಮನೆಯ ಕಂಪ್ಯೂಟರಿನ ಚೀಟಿಯಲ್ಲಿ ಒಟ್ಟು 240 ವ್ಯಾಟ್ ಎಂದಿದೆ. 12 ವೋಲ್ಟಿನ ಎದುರಿಗೆ 17 ಆಂಪಿಯರ್ ಎಂದಿದೆ. 12 × 17 = 204. ಅಂದ್ರ ಜಲಾಶಯ 240, ಮುಖ್ಯ ಕಾಲುವೆ 204.

ಇನ್ನೊಂದು ಸೂಕ್ಷ್ಮ ಐತಿ. ಚೀಟಿಯ ಮೇಲಿನ ಅಂಕಿ ಡಬ್ಬಿ ಹೊಸದಿದ್ದಾಗಿನದು. ನಮ್ಮ ಅಣೆಕಟ್ಟೆ 1953ರಲ್ಲಿ ಮುಗಿದಾಗ ಸುಮಾರು 133 ಟಿ.ಎಂ.ಸಿ. ನೀರು ಹಿಡಿಯುತ್ತಿತ್ತು. ಹೂಳು ತುಂಬಿ ಈಗ ಸುಮಾರು 105ಕ್ಕೆ ಇಳಿದಿದೆ. ಪವರ್ ಸಪ್ಲೈಯೊಳಗೂ ಒಂಥರಾ ಹೂಳು ತುಂಬುತ್ತದೆ. ಅದರಲ್ಲಿ ಕೆಪಾಸಿಟರ್ ಎಂಬ ಸಣ್ಣ ಡಬ್ಬಿಗಳಿರುತ್ತವೆ. ಬಿಸಿಯಿಂದ ವರ್ಷಗಟ್ಟಲೆ ಒಣಗಿ ಅವುಗಳ ಶಕ್ತಿ ಕುಂದುತ್ತದೆ. ಧೂಳು ಕೂತು ಫ್ಯಾನು ನಿಧಾನವಾದರೆ ಬಿಸಿ ಇನ್ನೂ ಹೆಚ್ಚು.

ಅದಕ್ಕ ಪೂರ್ತಿ ಹೊರೆ ಹೊರಿಸಬಾರದು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಹೋದದ್ದು ನಮ್ಮೂರಲ್ಲಿ ಯಾರೂ ಮರೆತಿಲ್ಲ. ಅದಾದ ಮೇಲೆ 2025ರ ಮಳೆಗಾಲದಲ್ಲಿ ಹಳೆ ಗೇಟುಗಳ ಮೇಲೆ ಭಾರ ಬೀಳಬಾರದೆಂದು 105 ತುಂಬಿಸದೆ ಸುಮಾರು 80 ಟಿ.ಎಂ.ಸಿ.ಗೇ ಮಿತಿ ಹಾಕಿ ನೀರು ಹೊರಗೆ ಬಿಟ್ಟರು. ಹಳೇದರ ಮೇಲೆ ಹೊರೆ ಕಡಿಮೆ ಇಡಬೇಕು ಎನ್ನುವ ಬುದ್ಧಿ ಅದು. ಹಳೆ ಪವರ್ ಸಪ್ಲೈಗೆ ನಾನು ಚೀಟಿಯ ಅಂಕಿಯಲ್ಲಿ ನೂರಕ್ಕೆ 70 ಮಾತ್ರ ಲೆಕ್ಕಕ್ಕೆ ಹಿಡಿಯುತ್ತೇನೆ. 240ರಲ್ಲಿ ನೂರಕ್ಕೆ 70 ಅಂದರೆ 168 ವ್ಯಾಟ್.

ಯಾರು ಎಷ್ಟು ತಿನ್ನುತ್ತಾರೆ?

ಈಗ ಒಳಗಿನ ಭಾಗಗಳ ಊಟದ ಲೆಕ್ಕ ಹಾಕೋಣ. ನಮ್ಮ ಮನೆಯದು ಇಂಟೆಲ್ ಕೋರ್ ಐ3 4130 ಪ್ರೊಸೆಸರ್. ಇದು 2013ರಲ್ಲಿ ಬಂದದ್ದು.

ಪ್ರೊಸೆಸರ್: 54 ವ್ಯಾಟ್
ಮದರ್‌ಬೋರ್ಡ್ ಮತ್ತು ಫ್ಯಾನುಗಳು: ಸುಮಾರು 25
4 ಜಿ.ಬಿ. ರ‍್ಯಾಮ್ ಒಂದು ಪಟ್ಟಿ: ಸುಮಾರು 3
ತಿರುಗುವ ಹಾರ್ಡ್ ಡಿಸ್ಕ್: ಸುಮಾರು 8
ಡಿವಿಡಿ ಡ್ರೈವ್: ಸುಮಾರು 15
ಕೀಬೋರ್ಡ್, ಮೌಸ್, ಪೆನ್ ಡ್ರೈವ್: ಸುಮಾರು 5
ಒಟ್ಟು: 110 ವ್ಯಾಟ್

ಮಾನಿಟರ್ ಇದರಲ್ಲಿ ಸೇರಿಲ್ಲ. ಅದು ಗೋಡೆಯಿಂದ ಬೇರೆಯಾಗಿ ಕರೆಂಟ್ ತಗೋತದ. ಇನ್ನು ಹಾರ್ಡ್ ಡಿಸ್ಕ್ ಸ್ವಭಾವ ನಮ್ಮ ಹೊಲದ ಪಂಪ್‌ಸೆಟ್ ಇದ್ದಂತೆ. ತಿರುಗುವಾಗ 8 ವ್ಯಾಟ್ ಆದರೂ ಶುರುವಾಗುವ ಕೆಲವು ಸೆಕೆಂಡು ಇಪ್ಪತ್ತಕ್ಕೂ ಹೆಚ್ಚು ವ್ಯಾಟ್ ಎಳೆಯುತ್ತದೆ. ಈ ಕಾರಣಕ್ಕೂ ಸ್ವಲ್ಪ ಜಾಗ ಖಾಲಿ ಬಿಡಬೇಕು.

ಮೀಟರಿನ ಕೆಂಪು ದೀಪದಿಂದ ಪರೀಕ್ಷೆ

ಕಾಗದದ ಲೆಕ್ಕ ಸರಿಯೋ ತಪ್ಪೋ ಎಂದು ತಿಳಿಯಲು ಬೆಲೆಬಾಳುವ ಉಪಕರಣ ಬೇಡ. ಮನೆಯ ಎಲೆಕ್ಟ್ರಾನಿಕ್ ಮೀಟರ್ ಸಾಕು. ಅದರಲ್ಲಿ ಒಂದು ಸಣ್ಣ ಕೆಂಪು ದೀಪ ಮಿಣುಕುತ್ತಿರುತ್ತದೆ. ನಮ್ಮ ಮೀಟರಿನ ಮೇಲೆ 3200 ಎಂಬ ಅಂಕಿ ಇದೆ. ಅದರ ಅರ್ಥ, ದೀಪ 3200 ಸಲ ಮಿಣುಕಿದರೆ 1 ಯೂನಿಟ್ ಖರ್ಚು. 1 ಯೂನಿಟ್ ಅಂದರೆ 1000 ವ್ಯಾಟ್ ಒಂದು ತಾಸು.

ಮನೆಯ ಫ್ಯಾನು, ಬಲ್ಬು, ಟಿ.ವಿ., ಫ್ರಿಜ್, ಮೊಬೈಲ್ ಚಾರ್ಜರ್ ಎಲ್ಲಾ ಬಂದ್ ಮಾಡಿ ಕಂಪ್ಯೂಟರ್ ಒಂದೇ ಹಚ್ಚಬೇಕು. 5 ನಿಮಿಷದಲ್ಲಿ ದೀಪ ಎಷ್ಟು ಸಲ ಮಿಣುಕಿತು ಎಂದು ಎಣಿಸಬೇಕು. ಆ ಎಣಿಕೆಯನ್ನು 3.75ರಿಂದ ಗುಣಿಸಿದರೆ ವ್ಯಾಟ್ ಸಿಗುತ್ತದೆ. ಯಾಕ ಅಂದ್ರ, ಒಂದು ಮಿಣುಕು 1000 ÷ 3200 = 0.3125 ವ್ಯಾಟ್-ತಾಸು. ಒಂದು ತಾಸಿನಲ್ಲಿ ಐದೈದು ನಿಮಿಷದ 12 ಭಾಗ. 0.3125 × 12 = 3.75. ನಿಮ್ಮ ಮೀಟರಿನಲ್ಲಿ ಬೇರೆ ಅಂಕಿ ಇದ್ದರೆ 3200ರ ಬದಲು ಅದನ್ನು ಹಾಕಿರಿ.

ನಾನು ಎಣಿಸಿದ್ದು ಹೀಗಿದೆ. ಕಂಪ್ಯೂಟರ್ ಸುಮ್ಮನೆ ಕುಳಿತಾಗ 16 ಮಿಣುಕು, ಅಂದರೆ 60 ವ್ಯಾಟ್. ಅಣ್ಣ ಆಟ ಹಚ್ಚಿ ಜೋರಾಗಿ ಕೆಲಸ ಕೊಟ್ಟಾಗ 32 ಮಿಣುಕು, ಅಂದರೆ 120 ವ್ಯಾಟ್. ಮಾನಿಟರ್ ಒಂದೇ ಇದ್ದಾಗ 5 ಮಿಣುಕು, ಸುಮಾರು 19 ವ್ಯಾಟ್. 120ರಲ್ಲಿ 19 ಕಳೆದರೆ 101. ಇದು ಗೋಡೆಯಿಂದ ಎಳೆದದ್ದು. ಪವರ್ ಸಪ್ಲೈ ಇದರಲ್ಲಿ ಒಂದು ಭಾಗ ಬಿಸಿಯಾಗಿ ಕಳೆಯುತ್ತದೆ. ನೂರಕ್ಕೆ 80 ಒಳಗೆ ಮುಟ್ಟಿತು ಎಂದು ಹಿಡಿದರೆ ಒಳಗಿನ ಭಾಗಗಳು ತಿಂದದ್ದು ಸುಮಾರು 81 ವ್ಯಾಟ್.

ಕಾಗದದಲ್ಲಿ 110, ಮೀಟರಿನಲ್ಲಿ 81. ಯಾಕ ಫರಕು? ಕಾಗದದಲ್ಲಿ ಎಲ್ಲರೂ ಒಟ್ಟಿಗೇ ಹೊಟ್ಟೆ ತುಂಬಾ ಉಣ್ಣುತ್ತಾರೆ ಎಂದು ಹಿಡಿದಿದ್ದೆವು. ನಿಜದಲ್ಲಿ ಆ ಹೊತ್ತು ಡಿವಿಡಿ ತಿರುಗುತ್ತಿರಲಿಲ್ಲ, ಪೆನ್ ಡ್ರೈವ್ ಚುಚ್ಚಿರಲಿಲ್ಲ. ಲಗ್ನದ ಅಡಿಗಿ ಮಾಡುವವರು ಬರುವ ಮಂದಿಗಿಂತ ಸ್ವಲ್ಪ ಹೆಚ್ಚೇ ಅಂದಾಜು ಹಿಡೀತಾರಲ್ಲ, ಹಾಗೆ. ಹೊಸ ಭಾಗ ಕೊಳ್ಳುವಾಗ ಕಾಗದದ ದೊಡ್ಡ ಅಂಕಿಯನ್ನೇ ನಂಬಬೇಕು.

ಅಣ್ಣನ ಕಾರ್ಡೋ, ಅಕ್ಕನ ಡಿಸ್ಕೋ?

ನಮ್ಮ ಮನೆಯಲ್ಲಿ ಈ ಲೆಕ್ಕ ಬಂದದ್ದಕ್ಕೆ ಕಾರಣ ಐತಿ. ಅಕ್ಕ ಬಿ.ಕಾಂ. ಓದುತ್ತಾಳೆ. ಟ್ಯಾಲಿ ಕಲಿಯಲು, ಪ್ರಾಜೆಕ್ಟ್ ಟೈಪ್ ಮಾಡಲು ಆಕೆಗೆ ಕಂಪ್ಯೂಟರ್ ಬೇಕೇ ಬೇಕು. ಅಪ್ಪ 3000 ರೂಪಾಯಿ ತೆಗೆದಿಟ್ಟಿದ್ದರು. ಅಣ್ಣನ ಆಸೆ ಹಳೆಯ ಒಂದು ದೊಡ್ಡ ಗ್ರಾಫಿಕ್ಸ್ ಕಾರ್ಡ್ ಮೇಲೆ. ಅದರ ಹೆಸರು ಜಿಟಿಎಕ್ಸ್ 1060. ಕಡಿಮೆ ಬಿದ್ದ ರೊಕ್ಕ ತಾನೇ ಕೂಡಿಸುತ್ತೇನೆ ಅಂದ. "ಅದು 120 ವ್ಯಾಟ್. ನಮ್ಮದು 110. ಕೂಡಿದರ 230. ಡಬ್ಬಿ ಮ್ಯಾಲೆ 240 ಬರದೈತಿ. ಇನ್ನೂ 10 ಉಳೀತೈತಲ್ಲ?" ಎಂಬುದು ಅವನ ವಾದ.

ಕೇಳಲು ಸರಿ ಅನ್ನಿಸುತ್ತದೆ. ಆದರೆ ಮೂರು ತೊಡಕುಗಳಿವೆ.

ಮೊದಲನೆಯದು, 230 ಎಂಬುದು ನಮ್ಮ ಸುರಕ್ಷಿತ ಮಿತಿ 168ನ್ನು ಎಷ್ಟೋ ದಾಟಿದೆ. ಗ್ರಾಫಿಕ್ಸ್ ಕಾರ್ಡುಗಳು ಕ್ಷಣಮಾತ್ರ ತಮ್ಮ ಅಂಕಿಗಿಂತ ಹೆಚ್ಚು ಎಳೆಯುವುದೂ ಉಂಟು.

ಎರಡನೆಯದು, ಕಾಲುವೆಯ ಪ್ರಶ್ನೆ. ಪ್ರೊಸೆಸರಿನ 54, ಕಾರ್ಡಿನ 120, ಕೂಡಿದರೆ 174. ಹಾರ್ಡ್ ಡಿಸ್ಕಿನ ಮೋಟಾರು, ಡಿವಿಡಿ ಮೋಟಾರು, ಫ್ಯಾನುಗಳೂ ಅದೇ 12 ವೋಲ್ಟಿನವು. 190ರ ಹತ್ತಿರ ಬಂತು. ಕಾಲುವೆ ಇರುವುದೇ 204. ದಂಡೆಯ ಅಂಚಿಗೆ ನೀರು ನಿಲ್ಲಿಸಿದಂಗ.

ಮೂರನೆಯದು, ಮದರ್‌ಬೋರ್ಡಿನ ಉದ್ದನೆಯ ಸ್ಲಾಟ್ ಒಂದು ಕಾರ್ಡಿಗೆ ಹೆಚ್ಚೆಂದರೆ 75 ವ್ಯಾಟ್ ಕೊಡುತ್ತದೆ. ಸಣ್ಣ ಪೆಟ್ಟಿಗೆಯ ಕೆಲವು ಕಂಪ್ಯೂಟರುಗಳಲ್ಲಿ ಅದಕ್ಕಿಂತಲೂ ಕಡಿಮೆ. ಅದಕ್ಕಿಂತ ಹೆಚ್ಚು ಬೇಕಾದ ಕಾರ್ಡಿಗೆ ಪವರ್ ಸಪ್ಲೈಯಿಂದ 6 ಪಿನ್ ಅಥವಾ 8 ಪಿನ್ನಿನ ಬೇರೆ ವೈರು ಬರಬೇಕು. ನಮ್ಮ ಡಬ್ಬಿಯಲ್ಲಿ ಅದಿಲ್ಲ. ಹಾರ್ಡ್ ಡಿಸ್ಕಿನ ವೈರಿಗೆ ಜೋಡಿಸಿ 6 ಪಿನ್ ಮಾಡುವ ಅಡಾಪ್ಟರ್ ಸಿಗುತ್ತದೆ ನಿಜ. ಆದರೆ ಡಬ್ಬಿ ತಯಾರಿಸಿದವರು ಆ ವೈರು ಇಟ್ಟಿಲ್ಲ ಅಂದರೆ ಅಷ್ಟು ಹೊರೆಗೆ ಅದನ್ನು ಮಾಡಿಲ್ಲ ಎಂದೇ ತಿಳಿಯಬೇಕು. ತೆಳು ವೈರಿನಲ್ಲಿ ಹೆಚ್ಚು ಆಂಪಿಯರ್ ಹರಿದರೆ ಪ್ಲಗ್ ಕರಗುತ್ತದೆ.

ಅಕ್ಕ ಕೇಳಿದ್ದು ಎರಡೇ ವಸ್ತು. ಒಂದು ಎಸ್.ಎಸ್.ಡಿ., ಇನ್ನೊಂದು 4 ಜಿ.ಬಿ. ರ‍್ಯಾಮ್. ಹಾರ್ಡ್ ಡಿಸ್ಕಿನಲ್ಲಿ ತಟ್ಟೆಗಳು ನಿಮಿಷಕ್ಕೆ 7200 ಸಲ ತಿರುಗುತ್ತವೆ, ಮುಳ್ಳು ಓಡಾಡಿ ಮಾಹಿತಿ ಹುಡುಕುತ್ತದೆ. ಎಸ್.ಎಸ್.ಡಿ.ಯಲ್ಲಿ ತಿರುಗುವುದು ಏನೂ ಇಲ್ಲ, ಬರೀ ಚಿಪ್ಪುಗಳು. ಹಾಗಾಗಿ ವೇಗ ಹೆಚ್ಚು, ಊಟ ಕಡಿಮೆ. ಸುಮಾರು 3 ವ್ಯಾಟ್ ಸಾಕು. ಹಾರ್ಡ್ ಡಿಸ್ಕಿಗಿದ್ದ ಅದೇ ವೈರುಗಳು ಇದಕ್ಕೂ ಹೊಂದುತ್ತವೆ.

ಲೆಕ್ಕ ನೋಡ್ರಿ. 110ರಲ್ಲಿ ಹಾರ್ಡ್ ಡಿಸ್ಕಿನ 8 ಕಳೆಯಿತು, ಎಸ್.ಎಸ್.ಡಿ.ಯ 3 ಕೂಡಿತು, ಹೊಸ ರ‍್ಯಾಮಿನ 3 ಕೂಡಿತು. ಒಟ್ಟು 108. ಎರಡು ಹೊಸ ವಸ್ತು ಹಾಕಿದ ಮೇಲೆ ಹೊರೆ 2 ವ್ಯಾಟ್ ಕಡಿಮೆಯಾಯಿತು! ಬಳಸಿದ ರ‍್ಯಾಮ್ ತಂದದ್ದರಿಂದ ಎರಡೂ ಸೇರಿ 3000 ರೂಪಾಯಿಯೊಳಗೆ ಬಂದವು. ಬೆಲೆ ಮಾತ್ರ ಏರಿಳಿಯುತ್ತಿರುತ್ತದೆ, ಕೇಳಿಯೇ ಹೋಗಬೇಕು. ಮೊದಲು ಕಂಪ್ಯೂಟರ್ ಚಾಲೂ ಆಗಿ ಪರದೆ ಬರಲು 3 ನಿಮಿಷ ಹಿಡಿಯುತ್ತಿತ್ತು. ಈಗ 30 ಸೆಕೆಂಡಿನೊಳಗೆ ಬರುತ್ತದೆ. ಹಳೆ ಹಾರ್ಡ್ ಡಿಸ್ಕನ್ನು ಮನೆಯ ಫೋಟೋಗಳ ಸಮೇತ ಕಪಾಟಿನಲ್ಲಿ ಇಟ್ಟಿದ್ದೇವೆ.

ರ‍್ಯಾಮ್ ತರುವಾಗ ಒಂದು ಎಚ್ಚರಿಕೆ. ಡಿಡಿಆರ್3 ಇದ್ದಲ್ಲಿ ಡಿಡಿಆರ್4 ಕೂರುವುದಿಲ್ಲ, ಅದರ ಕಚ್ಚು ಬೇರೆ ಕಡೆ ಇರುತ್ತದೆ. ಹಳೆ ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗುವುದು ಒಳ್ಳೆಯದು.

ಹಾಗಾದರೆ ಅಣ್ಣನ ಆಸೆ ಮಣ್ಣುಪಾಲೇ? ಇಲ್ಲ. ಜಿಟಿ 1030 ಎಂಬ ಸಣ್ಣ ಕಾರ್ಡ್ 30 ವ್ಯಾಟಿನದು. ಬೇರೆ ವೈರು ಬೇಡ. 108 + 30 = 138. ನಮ್ಮ 168ರ ಒಳಗೇ ಇದೆ. ಪೆಟ್ಟಿಗೆ ಸಣ್ಣದಾದರೆ ಅರ್ಧ ಎತ್ತರದ ಕಾರ್ಡನ್ನೇ ಕೇಳಿ ತರಬೇಕು, ಸ್ಲಾಟ್ ಅಷ್ಟು ವ್ಯಾಟ್ ಕೊಡುತ್ತದೆಯೇ ಎಂದೂ ನೋಡಬೇಕು. ಅಣ್ಣ ಈಗ ಅದಕ್ಕೆ ರೊಕ್ಕ ಕೂಡಿಸುತ್ತಿದ್ದಾನೆ.

ಒಂದು ವ್ಯಾಟೂ ಕೇಳದ ಸುಧಾರಣೆ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನಮ್ಮಂಥ ಹಳೆ ಪ್ರೊಸೆಸರುಗಳು ವಿಂಡೋಸ್ 11ರ ಪಟ್ಟಿಯಲ್ಲಿ ಇಲ್ಲ. ಆದ್ದರಿಂದ ಕಂಪ್ಯೂಟರನ್ನೇ ಎಸೆಯಬೇಕು ಎಂದೇನಿಲ್ಲ. ಲಿನಕ್ಸ್ ಎಂಬ ಬಿಟ್ಟಿ ತಂತ್ರಾಂಶ ಹಾಕಿಕೊಳ್ಳಬಹುದು. ಕೇರಳದ ಸರಕಾರಿ ಶಾಲೆಗಳಲ್ಲಿ ಪಾಠಕ್ಕೆ ಲಿನಕ್ಸನ್ನೇ ಬಳಸುತ್ತಾರೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ. ಟ್ಯಾಲಿಯಂಥ ವಿಂಡೋಸ್ ತಂತ್ರಾಂಶ ಬೇಕಾದವರು ಮಾತ್ರ ಮೊದಲು ವಿಚಾರಿಸಿ ಮುಂದುವರಿಯಬೇಕು.

ಪವರ್ ಸಪ್ಲೈಯನ್ನೇ ಬದಲಿಸಿದರೆ?

ಬದಲಿಸಬಹುದು. ಆದರೆ ಎರಡು ವಿಷಯ ನೋಡಬೇಕು. ಕಂಪನಿಗಳ ಕೆಲವು ಕಚೇರಿ ಕಂಪ್ಯೂಟರುಗಳಲ್ಲಿ ಡಬ್ಬಿಯ ಆಕಾರವೇ ಬೇರೆ. ಮದರ್‌ಬೋರ್ಡಿನ ಪ್ಲಗ್ ಎಲ್ಲ ಕಡೆ ಇರುವ 24 ಪಿನ್ನಿನದಲ್ಲದೆ 8 ಪಿನ್, 6 ಪಿನ್ ಇರುತ್ತದೆ. ಅಂಗಡಿಯ ಸಾಮಾನ್ಯ ಪವರ್ ಸಪ್ಲೈ ಅದಕ್ಕೆ ಹೊಂದುವುದಿಲ್ಲ.

ಎರಡನೆಯದು, ಹೊರಗಿನ ದೊಡ್ಡ ಅಂಕಿಗೆ ಮರುಳಾಗಬಾರದು. ಡಬ್ಬದ ಮೇಲೆ 450 ಎಂದು ದಪ್ಪ ಅಕ್ಷರದಲ್ಲಿ ಇದ್ದರೂ ಚೀಟಿಯಲ್ಲಿ 12 ವೋಲ್ಟಿಗೆ 18 ಆಂಪಿಯರ್ ಇದ್ದರೆ 12 × 18 = 216 ವ್ಯಾಟ್ ಅಷ್ಟೇ. ಹೆಸರು 450, ಕೆಲಸ 216. ಒಳ್ಳೆಯ ಗುಣಮಟ್ಟದವಕ್ಕೆ "80 ಪ್ಲಸ್" ಎಂಬ ಗುರುತು, ಹೆಚ್ಚು ವರ್ಷದ ಗ್ಯಾರಂಟಿ ಇರುತ್ತವೆ.

ಹುಷಾರಾಗಿರಬೇಕಾದ ಮಾತುಗಳು

1. ಪವರ್ ಸಪ್ಲೈ ಡಬ್ಬಿಯನ್ನು ಎಂದಿಗೂ ಬಿಚ್ಚಬೇಡಿ. 230 ವೋಲ್ಟ್ ಒಳಗೆ ನೇರ ವಿದ್ಯುತ್ ಆದಾಗ ಸುಮಾರು 325 ವೋಲ್ಟ್ ಆಗುತ್ತದೆ. ಪ್ಲಗ್ ತೆಗೆದ ಮೇಲೂ ಅದು ಕೆಪಾಸಿಟರಿನಲ್ಲಿ ಕುಳಿತಿರಬಹುದು. ಜೀವಕ್ಕೇ ಅಪಾಯ.

2. ಪೆಟ್ಟಿಗೆ ತೆರೆಯುವ ಮೊದಲು ಪ್ಲಗ್ ಕಿತ್ತು, ಆನ್ ಬಟನ್ ಐದು ಸೆಕೆಂಡು ಒತ್ತಿ ಹಿಡಿಯಿರಿ. ಪೆಟ್ಟಿಗೆಯ ತಗಡು ಮುಟ್ಟಿ ನಂತರ ಭಾಗಗಳನ್ನು ಮುಟ್ಟಿರಿ. ದೊಡ್ಡವರು ಪಕ್ಕದಲ್ಲಿರಲಿ.

3. ಹಳೆಯ ಕೆಲವು ಡಬ್ಬಿಗಳ ಹಿಂದೆ 115 ಮತ್ತು 230 ಎಂದು ಸಣ್ಣ ಸ್ವಿಚ್ ಇರುತ್ತದೆ. ಅದು 230ರಲ್ಲೇ ಇರಬೇಕು. 115ಕ್ಕೆ ಸರಿಸಿ ಚಾಲೂ ಮಾಡಿದರೆ ಡಬ್ಬಿ ಸುಟ್ಟುಹೋಗುತ್ತದೆ.

4. ಪೆಟ್ಟಿಗೆ ಮುಟ್ಟಿದಾಗ ಜುಮ್ ಅಂದರೆ ಅರ್ಥಿಂಗ್ ಸರಿ ಇಲ್ಲ ಎಂದರ್ಥ. ಮೂರು ಪಿನ್ನಿನ ಪ್ಲಗ್ಗಿಗೆ ಎರಡು ಪಿನ್ನಿನ ಸಾಕೆಟ್ ಜೋಡಿಸಬೇಡಿ.

5. ಸಂಜೆ ಹೊತ್ತು ಕರೆಂಟ್ ಡಿಮ್ ಆದಾಗ ಕಂಪ್ಯೂಟರ್ ಕಡಿಮೆ ಕರೆಂಟ್ ತಿನ್ನುತ್ತದೆ ಎಂದು ಕೆಲವರು ತಿಳಿದಿದ್ದಾರೆ. ಹಾಗಲ್ಲ. 100 ವ್ಯಾಟಿನ ಹೊರೆಗೆ 230 ವೋಲ್ಟ್ ಇದ್ದಾಗ ಸುಮಾರು 0.43 ಆಂಪಿಯರ್ ಸಾಕು. 180 ವೋಲ್ಟಿಗೆ ಇಳಿದರೆ ಸುಮಾರು 0.56 ಎಳೆಯಬೇಕು. ಡಬ್ಬಿ ಹೆಚ್ಚು ಬಿಸಿಯಾಗುತ್ತದೆ. ಆ ಹೊತ್ತು ದೊಡ್ಡ ಕೆಲಸ ಕೊಡದಿರುವುದು ಲೇಸು.

6. ಜೋರು ಕೆಲಸ ಕೊಟ್ಟಾಗ ಮಾತ್ರ ಕಂಪ್ಯೂಟರ್ ತಾನಾಗಿ ಬಂದ್ ಆದರೆ, ಸುಟ್ಟ ವಾಸನೆ ಬಂದರೆ ಪವರ್ ಸಪ್ಲೈ ಮೇಲೆ ಸಂಶಯ ಇಡಿ. ದಿನಾಂಕ, ವೇಳೆ ಮಾತ್ರ ತಪ್ಪುತ್ತಿದ್ದರೆ ಅದು ಪವರ್ ಸಪ್ಲೈ ದೋಷವಲ್ಲ. ಮದರ್‌ಬೋರ್ಡ್ ಮೇಲಿನ ಬಿಲ್ಲೆಯಂಥ 3 ವೋಲ್ಟಿನ ಸೆಲ್ ಮುಗಿದಿರುತ್ತದೆ.

ಕೊನೆಯದಾಗಿ

ಒಂದು ಹಳೆ ಕಂಪ್ಯೂಟರ್ ಇನ್ನೂ ನಾಲ್ಕು ವರ್ಷ ನಡೆದರೆ ನಮ್ಮಂಥ ಮನೆಯ ಒಂದು ಮಗು ಕಲಿಯುತ್ತದೆ. ಲೆಕ್ಕವಿಲ್ಲದೆ ಹೊರೆ ಹೊರಿಸಿದರೆ ಡಬ್ಬಿಯ ಜೊತೆಗೆ ಮದರ್‌ಬೋರ್ಡೂ ಹೋಗಬಹುದು, ಅಪ್ಪನ ದುಡಿಮೆಯೂ ಹೋಗಬಹುದು. ಅದಕ್ಕೆ ಹೊಸ ಭಾಗ ಕೊಳ್ಳುವ ಮೊದಲು ಮೂರು ಅಂಕಿ ಬರೆದಿಟ್ಟುಕೊಳ್ಳಿ. ಚೀಟಿಯ ಒಟ್ಟು ವ್ಯಾಟ್, 12 ವೋಲ್ಟಿನ ಆಂಪಿಯರ್, ಮೀಟರಿನ ಮಿಣುಕು.

ಈ ಹಾಳೆಯ ಕೆಳಗೆ ಒಂದು ಖಾಲಿ ಹಾಳೆ ಅಂಟಿಸಿದ್ದೇನೆ. ನಿಮ್ಮ ಮನೆಯ ಕಂಪ್ಯೂಟರಿನ ಆ ಮೂರು ಅಂಕಿಗಳನ್ನು ಅದರಲ್ಲಿ ಬರೆಯಿರಿ. ಎಲ್ಲರೂ ಕೂಡಿ ಲೆಕ್ಕ ಮಾಡೋಣ. ಗುರುಗಳು ತಪ್ಪು ಕಂಡಲ್ಲಿ ಕೆಂಪು ಮಸಿಯಲ್ಲಿ ತಿದ್ದಬೇಕಾಗಿ ವಿನಂತಿ.

(10ನೇ ತರಗತಿ)